ಹದಿನಾಲ್ಕನೇ ಸಾಲಿನ ಮುಯ್ಯಿ

೨೦೨೩ರ ದೀಪಾವಳಿ ಮುಗಿದ ಹೊತ್ತಿಗೆ ನಾನು ಕೊಪ್ಪಳದಲ್ಲಿ, ಹೈಬ್ರಿಡ್ ತರಕಾರಿ ಬೀಜ ತಯಾರಿಸುವ ಒಂದು ಕಂಪನಿಯ ಪೇರೋಲ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂಬುದು ಬೋರ್ಡಿನ ಮೇಲಿನ ಮಾತು. ವಿಭಾಗದಲ್ಲಿ ಇದ್ದದ್ದು ನಾನು, ಒಂದು ಕಂಪ್ಯೂಟರು ಮತ್ತು ಮನಸ್ಸು ಬಂದಾಗ ತಿರುಗುವ ಒಂದು ಫ್ಯಾನು. ಮನೆ ಗಂಗಾವತಿಯಲ್ಲಿ, ದಿನಾ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕುಳಿತಲ್ಲಿ ಕುಳಿತಿರುವುದು ನನ್ನ ಜಾಯಮಾನವಲ್ಲ. "ಇಕಿ ಅಂಗಾಲಾಗ ಗಾಲಿ ಅದಾವ" ಎಂದು ಅಮ್ಮಿ ನಾನು ಚಿಕ್ಕವಳಿದ್ದಾಗಲೇ ಹೇಳುತ್ತಿದ್ದಳು. ಅಂಥವಳಿಗೆ ದೇವರು ಇಪ್ಪತ್ತೆರಡು ವರ್ಷ ಕುರ್ಚಿಯ ಕೆಲಸ ಕೊಟ್ಟ. ಕುರ್ಚಿಯಲ್ಲಿ ಕುಳಿತುಕೊಂಡೇ ಅವಸರ ಮಾಡುವುದನ್ನು ನಾನು ಕಲಿತುಕೊಂಡೆ. ಈಗ ಹೇಳಹೊರಟಿರುವ ಪ್ರಸಂಗದಲ್ಲಿ ಕೆಟ್ಟದ್ದು ಏನೇನು ಆಯಿತೋ ಅದೆಲ್ಲ ಆ ಅವಸರದಿಂದಲೇ ಆಯಿತು.

ಕೆಲಸದ ಪರಿಚಯ ಸ್ವಲ್ಪ ಬೇಕು. ಕುಷ್ಟಗಿ, ಯಲಬುರ್ಗಾ ಕಡೆ ಹೋಗುವಾಗ ಬಿಳಿ ಬಲೆ ಹೊದ್ದ ಪ್ಲಾಟುಗಳನ್ನು ಬಸ್ಸಿನ ಕಿಟಕಿಯಿಂದ ನೀವು ನೋಡಿರಬಹುದು. ಅವು ನೆಟ್ ಹೌಸ್‌ಗಳು. ಒಳಗೆ ಟೊಮ್ಯಾಟೊ ಅಥವಾ ಮೆಣಸಿನಕಾಯಿ ಗಿಡಗಳ ಸಾಲುಗಳು. ಮಧ್ಯಾಹ್ನದ ಮೇಲೆ ಹೆಣ್ಣುಸಾಲಿನ ಮೊಗ್ಗನ್ನು ಚಿಮಟದಿಂದ ಬಿಡಿಸಿ ಕೇಸರ ತೆಗೆಯಬೇಕು. ಮರುದಿನ ಬೆಳಿಗ್ಗೆ ಗಂಡುಸಾಲಿನಿಂದ ತಂದ ಪರಾಗದ ಹುಡಿಯನ್ನು ಆ ಹೂವಿನ ತುದಿಗೆ ಮುಟ್ಟಿಸಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಮಾಡುವವರು ಹೆಚ್ಚಿನಂಶ ಹೆಂಗಸರು. ಕೇಸರ ತುಸು ಉಳಿದರೂ ಆ ಹೂವು ತನ್ನ ಹುಡಿಯಿಂದ ತಾನೇ ಕಾಯಿ ಕಟ್ಟಿಕೊಳ್ಳುತ್ತದೆ. ಅಂಥ ಕಾಯಿಯ ಬೀಜ ಬೆರೆತರೆ ಇಡೀ ಲಾಟು ವಾಪಸ್ಸು. ಹೀಗಾಗಿ ಒಬ್ಬ ಹೆಣ್ಣುಮಗಳ ಬೆರಳಿನ ಮೇಲೆ ಕಂಪನಿಯ ಮರ್ಯಾದೆ ನಿಂತಿರುತ್ತದೆ.

ಈ ಕೆಲಸ ಕಲಿಸಲು ನಮ್ಮಲ್ಲಿ ಒಂದು ತರಬೇತಿ ವ್ಯವಸ್ಥೆ ಇತ್ತು. ಪ್ರತಿ ಪ್ಲಾಟಿನ ಶೆಡ್ಡಿನಲ್ಲಿ ಒಂದು ಟ್ಯಾಬ್. ಕೆಲಸಗಾರರು ತಮ್ಮ ನಂಬರು ಒತ್ತಿ, ವಿಡಿಯೋ ಪಾಠ ನೋಡಿ, ಕೊನೆಯಲ್ಲಿ ಬರುವ ಪ್ರಶ್ನೆಗಳಿಗೆ ಚಿತ್ರ ಮುಟ್ಟಿ ಉತ್ತರ ಕೊಡಬೇಕು. ಓದುಬರಹ ಬೇಕಿಲ್ಲ. ಆದರೆ ಪಾಠಕ್ಕೂ ಪಗಾರಕ್ಕೂ ಸಂಬಂಧವಿರಲಿಲ್ಲ. ಯಾರು ಕುಶಲ ದರ್ಜೆ, ಯಾರು ಅರೆಕುಶಲ ಎಂಬುದನ್ನು ಸೂಪರ್‌ವೈಸರುಗಳು ಒಂದು ಹಾಳೆಯಲ್ಲಿ ಬರೆದು ಕಳಿಸುತ್ತಿದ್ದರು. ಆ ಹಾಳೆಯಲ್ಲಿ ಕುಶಲತೆಗಿಂತ ನೆಂಟಸ್ತನ ಹೆಚ್ಚು ಇರುತ್ತಿತ್ತು. ಒಬ್ಬ ಸೂಪರ್‌ವೈಸರನ ಅತ್ತಿಗೆ ಪ್ಲಾಟಿಗೆ ಬರುವ ಮುಂಚೆಯೇ ಕುಶಲಳಾಗಿದ್ದಳು.

ಇದನ್ನು ನಿಲ್ಲಿಸುವ ಕೆಲಸ ನನ್ನ ಪಾಲಿಗೆ ಬಂತು. ತರಬೇತಿ ವ್ಯವಸ್ಥೆಯೊಳಗೇ ಪೇರೋಲಿನ ಹೊಸ ಭಾಗವೊಂದನ್ನು ರೂಪಿಸಬೇಕು: ಪಾಠ ಮುಗಿಸಿದವರ ದರ್ಜೆ ತಾನಾಗಿ ಏರಬೇಕು, ದರ್ಜೆಗೆ ತಕ್ಕ ಪಗಾರ ತಾನಾಗಿ ಬರಬೇಕು, ನಡುವೆ ಯಾರ ಮುಲಾಜೂ ಇರಬಾರದು. ಕೋಡ್ ಬರೆದವರು ಹುಬ್ಬಳ್ಳಿಯ ಇಬ್ಬರು ಇಂಜಿನಿಯರುಗಳು. ಏನು ಬರೆಯಬೇಕೆಂದು ಹೇಳಿದವಳು ನಾನು. ಆ ಎರಡು ತಿಂಗಳು ನನಗೆ ಊಟ ರುಚಿಸಲಿಲ್ಲ. ಬಸ್ಸಿನಲ್ಲಿ ಟಿಕೆಟಿನ ಹಿಂದೆ ನಿಯಮಗಳನ್ನು ಗೀಚುತ್ತಿದ್ದೆ. ಹಾಗೆ ಗೀಚಿದ್ದರಲ್ಲಿ ಯಾರೂ ಕೇಳದ ಒಂದು ನಿಯಮವೂ ಇತ್ತು.

ಒಬ್ಬರ ಹೆಸರು ಒಂದೇ ಹೊತ್ತಿಗೆ ಪಾಠದಲ್ಲೂ ಸಾಲಿನಲ್ಲೂ ಕಂಡರೆ ಅದು ಮೋಸ, ಆ ಹೆಸರಿಗೆ ಒಂದು ಕೆಂಪು ಗುರುತು. ತಿಂಗಳಲ್ಲಿ ಮೂರು ಕೆಂಪಾದರೆ ಹಂಗಾಮು ಮುಗಿಯುವವರೆಗೆ ಹೆಸರು ಪಟ್ಟಿಯಿಂದ ಹೊರಗೆ. ಪತ್ತೆ ಹಚ್ಚುವುದು ಸುಲಭವಿತ್ತು. ಪ್ರತಿ ಸಾಲಿನ ತಲೆಗೆ ಅದನ್ನು ನೋಡಿಕೊಳ್ಳುವವಳ ಹೆಸರಿನ ಚೀಟಿ ಕಟ್ಟಿರುತ್ತದೆ. ಸೂಪರ್‌ವೈಸರು ಗಂಟೆಗೊಮ್ಮೆ ಓಡಾಡಿ, ಕೆಲಸ ನಡೆದಿರುವ ಸಾಲುಗಳನ್ನು ಮೊಬೈಲಿನಲ್ಲಿ ಒತ್ತುತ್ತಾನೆ. ಅದೇ ಪಗಾರದ ಲೆಕ್ಕ. ಪಾಠವನ್ನೂ ನಾನು ಶುಕ್ರವಾರ ಒಂಬತ್ತರಿಂದ ಹತ್ತರ ನಡುವೆ ಮಾತ್ರ ತೆರೆಯುವಂತೆ ಬಿಗಿ ಮಾಡಿದೆ. ಒಂಬತ್ತಕ್ಕೇ ಏಕೆ ಎಂದು ಆಗ ಯಾರಾದರೂ ಕೇಳಿದ್ದರೆ ಏನಾದರೊಂದು ಜಾಣ ಉತ್ತರ ಕೊಡುತ್ತಿದ್ದೆ. ನಿಜವಾದ ಕಾರಣ, ನಾನು ಆಫೀಸಿಗೆ ಬಂದು ಕೂರುವುದು ಒಂಬತ್ತಕ್ಕೆ.

ಕುಷ್ಟಗಿ ಹತ್ತಿರದ ಒಂದು ಪ್ಲಾಟಿನಲ್ಲಿ ಪ್ರಯೋಗ ಶುರುವಾಯಿತು. ಪ್ರತಿ ಶನಿವಾರ ಪಟ್ಟಿ ಬರುತ್ತಿತ್ತು. ಮೊದಲ ಶನಿವಾರ ಒಂದು ಕೆಂಪು, ಎರಡನೇ ಶನಿವಾರ ಮತ್ತೆ ಅದೇ ಹೆಸರಿಗೆ ಇನ್ನೊಂದು: ಹುಲಿಗೆವ್ವ, ಹದಿನಾಲ್ಕನೇ ಸಾಲು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು. ಬಲೆ ಬೀಸಿದವಳಿಗೆ ಮೀನು ಸಿಕ್ಕಿತ್ತು. ಉತ್ಪಾದನಾ ವಿಭಾಗದ ಮ್ಯಾನೇಜರು ದೇಸಾಯಿಯವರ ಟೇಬಲ್ಲಿಗೆ ಪಟ್ಟಿ ಒಯ್ದು ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. "ಹುಲಿಗೆವ್ವ? ಆಕಿ ಸಾಲಿನ ಬೀಜ ಹೋದ ವರ್ಷ ಇಡೀ ಪ್ಲಾಟಿನ್ಯಾಗ ಚೊಕ್ಕ ಬಂದಿತ್ತಲ್ರೀ. ಆಕಿ ಯಾಕ ಮೋಸ ಮಾಡ್ತಾಳ?"

"ಅದು ಸಿಸ್ಟಮ್‌ಗೆ ಗೊತ್ತಿಲ್ಲ ಸರ್" ಅಂದೆ.

"ನಿಮಗ?"

ನನಗೂ ಗೊತ್ತಿರಲಿಲ್ಲ. ಆ ಒಂದು ಶಬ್ದ ಒಳಗೆ ಹೊಕ್ಕು ಕೂತಿತು. ಮೋಸ ಮಾಡುವವರು ಕೆಲಸ ತಪ್ಪಿಸಲು ಮಾಡುತ್ತಾರೆ. ಹದಿನಾಲ್ಕನೇ ಸಾಲಿನ ಕೆಲಸ ಒಂದು ದಿನವೂ ತಪ್ಪಿರಲಿಲ್ಲ. ಹಾಗಾದರೆ ಇವಳು ಏನನ್ನು ಕದಿಯುತ್ತಿದ್ದಾಳೆ? ಆ ವಾರವಿಡೀ ಚಹಾ ತರಿಸಿ ತಣ್ಣಗಾಗಲು ಬಿಟ್ಟೆ, ಕುರ್ಚಿಯಿಂದ ಎದ್ದು ಕಿಟಕಿಗೆ, ಕಿಟಕಿಯಿಂದ ಕುರ್ಚಿಗೆ ಅಲೆದೆ. ಮುಂದಿನ ಶುಕ್ರವಾರ ಮೂರನೇ ಪಾಠ. ಅಂದೂ ಹಾಗೇ ಆದರೆ ಶನಿವಾರ ಅವಳ ಹೆಸರು ತಾನಾಗಿ ಅಳಿಸಿಹೋಗುತ್ತದೆ. ಕ್ರಾಸಿಂಗಿನ ಹಂಗಾಮು ಕೈತಪ್ಪಿದರೆ ಅವಳಿಗೆ ಆ ವರ್ಷ ಬೇರೆ ಕೆಲಸ ಸಿಗುವುದು ಕಷ್ಟ. ಶುಕ್ರವಾರ ಬೆಳಿಗ್ಗೆ ಕೊಪ್ಪಳದ ಬಸ್ಸು ಬಿಟ್ಟು, ಗಂಗಾವತಿಯಿಂದ ನೇರ ಕುಷ್ಟಗಿಯ ಬಸ್ಸು ಹತ್ತಿದೆ.

ಪ್ಲಾಟಿಗೆ ಮುಟ್ಟಿದಾಗ ಎಂಟೂವರೆ. ಸೂಪರ್‌ವೈಸರ್ ಮೆಹಬೂಬ್ ನನ್ನನ್ನು ನೋಡಿ ಗಾಬರಿಯಾಗಿ ಎರಡು ಸಲ ಸಲಾಂ ಮಾಡಿದ. ನೆಟ್ ಹೌಸಿನೊಳಗೆ ಹದಿನಾಲ್ಕನೇ ಸಾಲಿನಲ್ಲಿ ನಲವತ್ತು ದಾಟಿದ ಒಬ್ಬ ಹೆಂಗಸು, ತಲೆಗೆ ಸೆರಗು ಬಿಗಿದು, ಹೂವಿಂದ ಹೂವಿಗೆ ಹೋಗುತ್ತಿದ್ದಳು. ಅವಳ ಬೆರಳು ಯಾವಾಗ ಮುಟ್ಟಿತು, ಯಾವಾಗ ಬಿಟ್ಟಿತು ತಿಳಿಯುತ್ತಿರಲಿಲ್ಲ. ಹದಿನೈದನೇ ಸಾಲಿನಲ್ಲಿ ಹತ್ತನೇ ತರಗತಿ ಓದಿದ ನೀಲವ್ವ. ಇಬ್ಬರೂ ಒಂದೇ ಓಣಿಯವರು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ನೀಲವ್ವ ಕೈ ಒರೆಸಿಕೊಂಡು ಶೆಡ್ಡಿನ ಕಡೆ ಹೊರಟಳು. ಹೆಚ್ಚಿನವರಂತೆ ತನ್ನ ಪಾಠಗಳನ್ನು ಆಕೆ ಹಂಗಾಮಿಗೆ ಮುಂಚೆ, ನಾನು ಹೊತ್ತು ಬಿಗಿ ಮಾಡುವ ಮೊದಲೇ, ಮುಗಿಸಿದ್ದಳು. ಹಾಗಿದ್ದರೆ ಹೊರಟದ್ದು ಯಾರ ಪಾಠಕ್ಕೆ? ಹುಲಿಗೆವ್ವ ಎರಡೂ ಸಾಲುಗಳ ನಡುವೆ ಬಂದು ನಿಂತಳು.

ನಾನು ನೀಲವ್ವನನ್ನು ಸಾಲಿನ ತುದಿಯಲ್ಲೇ ತಡೆದೆ. "ಯಾರ ನಂಬರ್ ಒತ್ತಾಕ ಹೊಂಟೀದಿ?"

ಉತ್ತರ ಹಿಂದಿನಿಂದ ಬಂತು. "ಆಕೀನ ಯಾಕ ಕೇಳ್ತೀರಿ ಮೇಡಮ್ಮಾರ, ನನ್ನ ಕೇಳ್ರಿ. ನನ್ನ ನಂಬರು. ನನ್ನ ಪಾಠ ಆಕಿ ಕೇಳ್ತಾಳ, ಆಕಿ ಸಾಲು ನಾ ನೋಡ್ತೀನಿ. ಮುಯ್ಯಿ." ಹುಲಿಗೆವ್ವ ಕೈಯಲ್ಲಿದ್ದ ಹುಡಿಯ ಡಬ್ಬಿ ಕೆಳಗಿಡದೆಯೇ ಮಾತಾಡಿದಳು.

ಮುಯ್ಯಿ ಯಾರಿಗೆ ಗೊತ್ತಿಲ್ಲ? ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಆಳಿಗೆ ಆಳು, ದಿನಕ್ಕೆ ದಿನ. ಕಳೆ ತೆಗೆಯುವುದಕ್ಕೆ, ರಾಶಿಗೆ ಮುಯ್ಯಿ ಹೋಗುವುದನ್ನು ನೋಡಿದ್ದೆ. ಪಾಠಕ್ಕೂ ಹೋಗುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. "ಪಾಠಕ್ಕ ಮುಯ್ಯಿ ನಡಿಯಾಂಗಿಲ್ಲ. ನೀನ ಹೋಗಿ ಕುಂದರಬೇಕಿತ್ತು" ಎಂದು ಗದರಿದೆ.

"ನಿಮ್ಮ ಪಾಠ ಒಂಬತ್ತಕ್ಕ ಐತ್ರಿ. ಹತ್ತರ ಮ್ಯಾಲ ಬಿಸಲಿಗೆ ಹುಡಿ ಸತ್ತು ಹೋಕೈತಿ. ನಾ ಕುಂತ್ರ ಆಕಿ ಒಬ್ಬಾಕಿಗೆ ಎರಡು ಸಾಲು ಮುಗಿಯಾಂಗಿಲ್ಲ. ಆಕಿ ಕುಂತ್ರ ನಂಗ ಮುಗೀತಾವ. ಕೆಲಸ ನಿಂತ ಸಾಲಿಗೆ ಪಗಾರಾನೂ ಇಲ್ಲ. ಇನ್ನೇನ್ ಮಾಡೂದ್ರಿ?" ಮಾತು ಮುಗಿಸಿ ಅವಳು ಹೂವಿನ ಕಡೆ ತಿರುಗಿದಳು. ನನ್ನ ಜೊತೆ ಮಾತಾಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಪಾಠ ತೆರೆದಿರುವುದು ಹತ್ತರವರೆಗೆ ಮಾತ್ರ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇಂದು ಇವಳೇ ಕುಳಿತು ಪಾಠ ಮುಗಿಸಿದರೆ ಉಳಿದುಕೊಳ್ಳುತ್ತಾಳೆ. "ನೀ ಹೋಗು. ನಿನ್ನ ಸಾಲು ನಾ ನೋಡ್ತೀನಿ" ಅಂದೆ.

ಸಾಲುಗಳ ನಡುವೆ ನಗು ಎದ್ದಿತು. ಹುಲಿಗೆವ್ವ ನಗಲಿಲ್ಲ. ನನ್ನ ಕೈ ಹಿಡಿದು ಉಗುರು ನೋಡಿದಳು, ಹುಡಿಯ ಡಬ್ಬಿ ಕೊಟ್ಟಳು, ಎರಡು ಹೂವಿಗೆ ಮುಟ್ಟಿಸಿ ತೋರಿಸಿದಳು. "ಮುಯ್ಯಿ ಅಂದ್ರ ಮುಯ್ಯಿ ಮತ್ತ. ನಿಮ್ಮ ಆಫೀಸಿಗೆ ಬಂದು ಒಂದು ತಾಸು ನಾ ಕುಂದ್ರಬೇಕಾಕೈತಿ ನೋಡ್ರಿ" ಎಂದು ಹೇಳಿ ಶೆಡ್ಡಿಗೆ ಹೋದಳು.

ಆ ಒಂದು ಗಂಟೆಯನ್ನು ನಾನು ಮರೆಯುವುದಿಲ್ಲ. ಅವಸರದ ಕೈಗೆ ಹೂವು ಬಗ್ಗುವುದಿಲ್ಲ. ಮೊದಲ ಹೂವು ತೊಟ್ಟಿನ ಸಮೇತ ಕೈಗೆ ಬಂತು, ನಾಲ್ಕನೆಯದೂ ಬಂತು. ಬೆವರು ಕಣ್ಣಿಗಿಳಿದು ಯಾವುದಕ್ಕೆ ಮುಟ್ಟಿಸಿದೆ, ಯಾವುದಕ್ಕೆ ಇಲ್ಲ ಎಂಬುದೇ ಮರೆಯಿತು. ಹದಿನೈದನೇ ಸಾಲಿನಿಂದ ನೀಲವ್ವ, "ಸಾವಕಾಶ ಅಕ್ಕಾರ, ಹೂವು ಎಲ್ಲೂ ಓಡಿ ಹೋಗಾಂಗಿಲ್ಲ" ಎಂದು ಸಮಾಧಾನ ಹೇಳುತ್ತಿದ್ದಳು. ಹತ್ತಕ್ಕೆ ಲೆಕ್ಕ ಹಾಕಿದರೆ ನಲವತ್ತಾರು ಹೂವು. ಹುಲಿಗೆವ್ವ ಅಷ್ಟನ್ನು ಹತ್ತು ನಿಮಿಷದಲ್ಲಿ ಮಾಡುತ್ತಾಳಂತೆ.

ಅವಳು ಪಾಠ ಮುಗಿಸಿ ಬಂದಾಗ ಮುಖ ಬೇರೆಯಾಗಿತ್ತು. ಅಂದಿನ ಪಾಠ ಔಷಧ ಸಿಂಪಡಣೆಯದು. "ಔಷಧ ಹೊಡದ ಮ್ಯಾಲ ಬೋರ್ಡಿನ್ಯಾಗ ಬರದ ಹೊತ್ತಿನ ತನಕ ಒಳಗ ಕಾಲಿಡಬಾರದಂತಲ್ರಿ. ಹೋದ ವರ್ಷದ ಪಾಠ ಕೇಳಿ ಈ ನೀಲಿ ಹೇಳಿದ್ಲು. ಸಣ್ಣ ಹುಡುಗಿ ಮಾತು ಅಂತ ನಾ ನಕ್ಕಿದ್ದೆ. ಮೊನ್ನೆ ಹೊಡದ ಕೂಡ್ಲೆ ಒಳಗ ಹೋಗಿದ್ದೆ, ಎರಡು ದಿನ ಕಣ್ಣು ಉರದ್ವು." ನೋಡಿದರೆ ಕಣ್ಣಂಚು ಇನ್ನೂ ಕೆಂಪಗಿತ್ತು. ಆಗ ನನಗೆ ಸ್ವಲ್ಪ ಧೈರ್ಯ ಬಂತು. ನನ್ನ ನಿಯಮ ಪೂರಾ ಹುಚ್ಚೇನೂ ಆಗಿರಲಿಲ್ಲ. ಕೆಲಸಕ್ಕೆ ಮುಯ್ಯಿ ನಡೆಯುತ್ತದೆ. ಕಣ್ಣು ಉಳಿಸಿಕೊಳ್ಳುವ ಪಾಠಕ್ಕೆ ನಡೆಯುವುದಿಲ್ಲ.

ಹೊರಡುವಾಗ ಅವಳು ಒಂದು ಪ್ರಶ್ನೆ ಕೇಳಿದಳು. "ಈ ತಾಸು ಯಾರ ಲೆಕ್ಕಕ್ಕ ಹೋತ್ರಿ?"

"ಯಾವ ತಾಸು?"

"ನಾ ಪಾಠ ಕೇಳಿದ್ದು. ಸಾಲಿನ ತಾಸಿಗೆ ಪಗಾರ ಐತಿ. ಇದಕ್ಕ?"

ಪಾಠದಿಂದ ದರ್ಜೆ, ದರ್ಜೆಯಿಂದ ಪಗಾರ ಎಂದು ಎರಡು ತಿಂಗಳು ನಿಯಮ ಹೊಸೆದಿದ್ದೆ. ಪಾಠ ಕೇಳುವ ಗಂಟೆಯೇ ಒಂದು ಕೆಲಸ, ಅದಕ್ಕೆ ಪಗಾರ ಬೇಕು ಎಂಬುದಕ್ಕೆ ಒಂದು ಕಾಲಂ ಕೂಡ ಇಟ್ಟಿರಲಿಲ್ಲ. "ನೋಡ್ತೀನಿ" ಎಂದು ಹೇಳಿ ಬಸ್ಸು ಹತ್ತಿದೆ. ನೋಡ್ತೀನಿ ಎಂಬುದು ಆಫೀಸಿನವರು ಏನೂ ಗೊತ್ತಿಲ್ಲದಾಗ ಆಡುವ ಮಾತು.

ಆದರೂ ಮನಸ್ಸು ಹಗುರವಾಗಿತ್ತು. ಹುಲಿಗೆವ್ವ ತಾನೇ ಪಾಠ ಕೇಳಿದ್ದಳು, ಎಲ್ಲ ಪ್ರಶ್ನೆಗೂ ಸರಿ ಉತ್ತರ ಕೊಟ್ಟಿದ್ದಳು. ಶನಿವಾರ ಸಂಜೆ ಪಟ್ಟಿ ತೆರೆದೆ. ಹುಲಿಗೆವ್ವನ ಹೆಸರಿನ ಮುಂದೆ ಮೂರನೇ ಕೆಂಪು ಇತ್ತು. ಕೆಳಗೆ, "ಹಂಗಾಮಿನ ಪಟ್ಟಿಯಿಂದ ತೆಗೆಯಲಾಗಿದೆ."

ಏನಾಗಿತ್ತೆಂದು ತಿಳಿಯಲು ಅರ್ಧ ನಿಮಿಷ ಸಾಕಾಯಿತು. ಒಂಬತ್ತರಿಂದ ಹತ್ತು, ಹುಲಿಗೆವ್ವ ಪಾಠದಲ್ಲಿ. ಅದೇ ಹೊತ್ತಿಗೆ ಹದಿನಾಲ್ಕನೇ ಸಾಲಿನಲ್ಲಿ ಕೆಲಸ ನಡೆದಿತ್ತು, ಮೆಹಬೂಬ್ ಎಂದಿನಂತೆ ಒತ್ತಿದ್ದ. ಅಲ್ಲಿ ಕೆಲಸ ಮಾಡಿದವಳು ನಾನು. ಮೊದಲಿನ ಎರಡು ಕೆಂಪು ಅವರದಾದರೆ, ಅವಳ ಹೆಸರು ಅಳಿಸಿದ ಮೂರನೆಯದು ನನ್ನದೇ ಕೈಯಿಂದ ಬಿದ್ದಿತ್ತು. ನಿಯಮ ಬರೆದವಳೇ ನಿಯಮ ಮುರಿದಿದ್ದಳು, ಶಿಕ್ಷೆ ಇನ್ನೊಬ್ಬಳಿಗೆ. ಪಟ್ಟಿ ಆಗಲೇ ತಾನಾಗಿ ಮುಖ್ಯ ಕಚೇರಿಗೂ ಹೋಗಿತ್ತು; ತಾನಾಗಿ ಹೋಗಬೇಕೆಂದು ಹಟ ಹಿಡಿದವಳೂ ನಾನೇ.

ದೇಸಾಯಿಯವರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಈಗ ನನ್ನ ಕೈಯಾಗ ಏನೂ ಇಲ್ಲ ಮೇಡಮ್. ಯಾರ ಕೈಯಾಗೂ ಇರಬಾರದು ಅಂತ ನೀವ ಮಾಡೀರಿ. ಸೋಮವಾರ ಮುಖ್ಯ ಕಚೇರಿಯವರು ಸ್ಕ್ರೀನಿನ್ಯಾಗ ಬರ್ತಾರ. ನೀವ ಹೇಳ್ರಿ. ನಿಮ್ಮ ಹೆಸರು ಸಮೇತ ಹೇಳ್ರಿ."

ಭಾನುವಾರ ಅಮ್ಮಿ ಮೂರು ಸಲ ಕೇಳಿದಳು, ಹಿಂಗ್ಯಾಕ ಒಳಗ ಹೊರಗ ಅಡ್ಡಾಡಾಕ ಹತ್ತೀದಿ ಅಂತ. ಹೇಳಲಿಲ್ಲ. ಭಯವಾಗಿತ್ತು, ಮತ್ತು ಆ ಭಯ ಹುಲಿಗೆವ್ವನಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಬಂದರೆ ಬಾಗಿಲ ಹತ್ತಿರದ ಬೆಂಚಿನ ಮೇಲೆ ಹುಲಿಗೆವ್ವ ಕುಳಿತಿದ್ದಳು. ಇಸ್ತ್ರಿ ಮಾಡಿದ ಸೀರೆ, ಮಡಿಲಲ್ಲಿ ಬುತ್ತಿಗಂಟು. ಬೈಯಲು ಬಂದಿದ್ದಾಳೆಂದು ತಿಳಿದೆ.

"ನಿನ್ನೆ ಸಂಜಿಕ ಮೆಹಬೂಬ್ ಮನಿಗೆ ಬಂದು ಹೇಳಿದ, ಸೋಮವಾರದಿಂದ ಹೆಸರಿಲ್ಲಂತ. ಮತ್ತ ಇವತ್ತ ನಂಗ ಸಾಲಿಲ್ಲಲ್ರಿ, ತಾಸು ಖಾಲಿ ಐತಿ. ಮುಯ್ಯಿ ತೀರಸಾಕ ಬಂದೀನಿ." ಅವಳ ದನಿಯಲ್ಲಿ ಕುಹಕವಿರಲಿಲ್ಲ. ಪಡೆದ ಮುಯ್ಯಿ ತೀರಿಸದೆ ಉಳಿಸಿಕೊಳ್ಳುವುದು ಅವಳ ಓಣಿಯಲ್ಲಿ ಮರ್ಯಾದೆಯಲ್ಲ, ಅಷ್ಟೇ.

ಅವಳನ್ನು ಒಳಗೆ ಕರೆದೊಯ್ದು ನನ್ನ ಕುರ್ಚಿಯಲ್ಲೇ ಕೂರಿಸಿದೆ. ನಾನು ಪಕ್ಕದಲ್ಲಿ ನಿಂತೆ, ದೇಸಾಯಿಯವರೂ ಬಂದು ಬಾಗಿಲ ಬಳಿ ನಿಂತರು. ಸ್ಕ್ರೀನಿನಲ್ಲಿ ಮುಖ್ಯ ಕಚೇರಿಯ ಇಬ್ಬರು ಬಂದರು. ಮೂರನೇ ಕೆಂಪು ನನ್ನದು, ಪಾಠದ ಹೊತ್ತು ತಪ್ಪಾಗಿ ಇಟ್ಟವಳು ನಾನು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ಅವರಲ್ಲಿ ಹಿರಿಯರು ಹುಲಿಗೆವ್ವನನ್ನು ಕೇಳಿದರು: "ನಿಮ್ಮ ಬದಲು ಬೇರೆಯವರನ್ನು ಪಾಠಕ್ಕೆ ಕೂರಿಸುವುದು ತಪ್ಪು ಅಂತ ನಿಮಗೆ ಅನ್ನಿಸಲಿಲ್ಲವಾ?"

ಹುಲಿಗೆವ್ವ ಬುತ್ತಿಗಂಟು ಟೇಬಲ್ಲಿನ ಮೇಲಿಟ್ಟಳು. "ಹೂವಿನ ಕೆಲಸಕ್ಕ ಪಗಾರ ಕೊಡ್ತೀರಿ, ಅದನ್ನ ನಾನ ಮಾಡ್ತೀನಿ, ಬ್ಯಾರೇರನ್ನ ಬಿಡಾಂಗಿಲ್ಲ. ಪಾಠಕ್ಕ ಪಗಾರ ಇಲ್ಲ. ಪಗಾರ ಇಲ್ಲದ್ದು ನಿಮಗೂ ಕೆಲಸ ಅಲ್ಲ ಅಂತ ನಾವು ತಿಳಕೊಂಡ್ವಿ. ಕಣ್ಣು ಉರದ ಮ್ಯಾಲ ಗೊತ್ತಾತು, ಅದೂ ಕೆಲಸ ಅಂತ. ಹಂಗಂತ ನೀವೂ ಬರೀರಿ, ನಾನ ಬಂದು ಕುಂದರ್ತೀನಿ."

ಅತ್ತ ಹಿರಿಯರು ಅವಳ ಮಾತನ್ನು ಬರೆದುಕೊಂಡರು. ದೇಸಾಯಿಯವರು ಕಿಟಕಿ ಕಡೆ ಮುಖ ತಿರುಗಿಸಿದರು.

ಗುರುವಾರ ಅವಳ ಹೆಸರು ಮರಳಿ ಬಂತು. ಕಳೆದುಹೋದ ಮೂರು ದಿನದ ಪಗಾರಕ್ಕಾಗಿ ನಾನು ಬರೆದ ಪತ್ರಗಳಿಗೆ ಒಂದು ದಿನದ್ದು ಮಾತ್ರ ಮಂಜೂರಾಯಿತು; ಅದಕ್ಕೆ ಈಗಲೂ ಸಿಟ್ಟಿದೆ. ನನಗೊಂದು ಮೆಮೊ ಬಂತು, ನ್ಯಾಯವಾದದ್ದೇ. ಪಾಠದ ಹೊತ್ತು ಹನ್ನೊಂದೂವರೆಗೆ ಹೋಯಿತು. ಆಗ ಬೆಳಗಿನ ಕ್ರಾಸಿಂಗ್ ಮುಗಿದಿರುತ್ತದೆ, ಮಧ್ಯಾಹ್ನದ ಮೊಗ್ಗು ಬಿಡಿಸುವ ಕೆಲಸ ಶುರುವಾಗಿರುವುದಿಲ್ಲ. ಪೇರೋಲಿನಲ್ಲಿ ಹೊಸ ಕಾಲಂ ಬಂತು: ಕಲಿಕೆಯ ಗಂಟೆ. ಸಾಲಿನ ಗಂಟೆಗೆ ಎಷ್ಟೋ ಅದಕ್ಕೂ ಅಷ್ಟೇ. ಅದು ಬಂದ ಮೇಲೆ ಪಾಠಕ್ಕೆ ಮುಯ್ಯಿ ಹೋಗುವುದು ತಾನಾಗಿ ನಿಂತಿತು. ಕೆಂಪು ಗುರುತನ್ನು ನಾನು ತೆಗೆಯಲಿಲ್ಲ. ಆದರೆ ಈಗ ಅದು ಹೆಸರು ಅಳಿಸುವುದಿಲ್ಲ. ಹೋಗಿ ಕೇಳಿ ಬಾ ಎಂದಷ್ಟೇ ಹೇಳುತ್ತದೆ.

ಹಂಗಾಮು ಮುಗಿಯುವ ಹೊತ್ತಿಗೆ ಒಮ್ಮೆ ಪ್ಲಾಟಿಗೆ ಹೋಗಿದ್ದೆ. ಹದಿನಾಲ್ಕನೇ ಸಾಲಿನಲ್ಲಿ ಕಾಯಿ ಕೆಂಪಗೆ ತೂಗುತ್ತಿದ್ದವು. "ನನ್ನ ನಲವತ್ತಾರು ಹೂವಿನ್ಯಾಗ ಎಷ್ಟು ಕಾಯಿ ಕಟ್ಯಾವ?" ಎಂದು ಹುಲಿಗೆವ್ವನನ್ನು ಆಸೆಯಿಂದ ಕೇಳಿದೆ.

"ಒಂದೂ ಇಲ್ರಿ. ಅವತ್ತ ನೀವು ಬಸ್ ಹತ್ತಿದ ಕೂಡ್ಲೆ ಎಲ್ಲಾ ಚಿವುಟಿ ಒಗದೆ. ಸಂಶಯ ಬಂದ ಹೂವ ಗಿಡದ ಮ್ಯಾಲ ಇಡಬಾರದ್ರಿ."

ಬೀಜದ ಕೆಲಸದಲ್ಲಿ ಅದು ಸರಿಯಾದ ನಿಯಮ. ನನ್ನ ತಪ್ಪೆಂದರೆ ಅದೇ ನಿಯಮವನ್ನು ಪಗಾರದ ಪಟ್ಟಿಗೂ ತಂದದ್ದು. ಸಂಶಯ ಬಂದ ಹೂವನ್ನು ಚಿವುಟಬಹುದು, ಅದಕ್ಕೆ ಬಾಯಿಲ್ಲ. ಸಂಶಯ ಬಂದ ಹೆಸರನ್ನು ಮೊದಲು ಮಾತಾಡಿಸಬೇಕು. ಈಗಲೂ ಪ್ರತಿ ಶನಿವಾರ ಪಟ್ಟಿ ಬರುತ್ತದೆ, ಈಗಲೂ ನನ್ನ ಕೈಗೆ ಅವಸರ. ಕೆಂಪು ಗುರುತು ಕಂಡರೆ ಕೀಬೋರ್ಡಿನಿಂದ ಕೈ ತೆಗೆದು, ಸೋಮವಾರದ ಕುಷ್ಟಗಿ ಬಸ್ಸು ಎಷ್ಟಕ್ಕೆ ಎಂದು ನೋಡುತ್ತೇನೆ.